ವಿರಳ, ಭಸ್ಮ, ಶಾಶ್ವತ: ಒಂದು ಪಾರಿಭಾಷಿಕ ಪದದ ವಿಮರ್ಶೆ

ಪಾರಿಭಾಷಿಕ ಪದಗಳ ಪರಿಶೀಲನೆಯನ್ನು ವಿಮರ್ಶೆಯ ಅಂಗವೆಂದು ಒಪ್ಪಿಕೊಳ್ಳಲು ನಮ್ಮಲ್ಲಿ ಅನೇಕರು ಹಿಂದೆಗೆಯುತ್ತಾರೆ. ಕಾವ್ಯದಲ್ಲಿ ಒಂದು ಪದ ಔಚಿತ್ಯದಿಂದ ಜಾರಿದರೆ ಪುಟಗಟ್ಟಲೆ ಚರ್ಚಿಸುವ ನಾವು, ಶಾಸ್ತ್ರದಲ್ಲಿ ಒಂದು ಪದ ದಾರಿ ತಪ್ಪಿದಾಗ ಅದು ವಿಜ್ಞಾನದ ಅಧ್ಯಾಪಕರ ಪಾಡೆಂದು ಸುಮ್ಮನಾಗುತ್ತೇವೆ. ಆದರೆ ಶಾಸ್ತ್ರಪದ ತಪ್ಪಿದಾಗ ಕೆಡುವುದು ಓದುಗನ ತಿಳಿವಳಿಕೆ. ಕೆಲವು ವೇಳೆ ಅವನ ಹಣ ಮತ್ತು ಅವನ ನೆಲವೂ ಅದರೊಡನೆ ಕೆಡುವುದುಂಟು. ಅಂಥ ಒಂದು ಪದಪುಂಜವನ್ನು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

2025ರ ಏಪ್ರಿಲ್ 4ರಂದು ಚೀನಾ ದೇಶವು ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಮೊದಲಾದ ಏಳು ಧಾತುಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಈ ಧಾತುಗಳನ್ನೊಳಗೊಂಡ ಅಯಸ್ಕಾಂತಗಳೂ ಆ ನಿಯಮಕ್ಕೆ ಸೇರಿದುವು. ಭಾರತದ ವಿದ್ಯುತ್ ವಾಹನ ತಯಾರಕರು ಕೆಲವೇ ವಾರಗಳಲ್ಲಿ ಕೊರತೆಯನ್ನು ಅನುಭವಿಸಿದರು. ಆಗ ಕನ್ನಡ ಪತ್ರಿಕೆಗಳಲ್ಲಿ ಬಗೆಬಗೆಯ ಹೆಸರುಗಳು ಕಾಣಿಸಿಕೊಂಡುವು: ‘ಅಪರೂಪದ ಭೂ ಖನಿಜ’, ‘ವಿರಳ ಭೂಧಾತು’, ‘ವಿರಳ ಲೋಹ’, ‘ರೇರ್ ಅರ್ಥ್ ಮ್ಯಾಗ್ನೆಟ್’. ನಮ್ಮ ವಿಜ್ಞಾನಲೇಖಕರು ಇದಕ್ಕೆ ಬಹು ಮೊದಲೇ ಬಳಕೆಗೆ ತಂದಿದ್ದ ಹೆಸರು ‘ವಿರಳ ಭಸ್ಮ’. ಪಠ್ಯಪುಸ್ತಕಗಳ ‘ಶಾಶ್ವತ ಕಾಂತ’ವನ್ನು ಇದಕ್ಕೆ ಸೇರಿಸಿದರೆ ‘ವಿರಳ ಭಸ್ಮದ ಶಾಶ್ವತ ಕಾಂತ’ ಎಂಬ ಪೂರ್ಣನಾಮ ದೊರೆಯುತ್ತದೆ. ಇದರ ಮೂರು ವಿಶೇಷಣಗಳಲ್ಲಿ ಮೊದಲ ಎರಡು ಆಂಗ್ಲ ಮೂಲಕ್ಕಿಂತ ಮೇಲಾದವು, ಮೂರನೆಯದು ಮಾತ್ರ ಕೈಬಿಡತಕ್ಕದ್ದು ಎಂಬುದು ನಮ್ಮ ವಾದ. ವಿಪರ್ಯಾಸವೆಂದರೆ, ಇಂದಿನ ಬಳಕೆ ಮೇಲಾದ ಎರಡನ್ನು ಬಿಡುತ್ತ ಕೀಳಾದ ಒಂದನ್ನೇ ಉಳಿಸಿಕೊಳ್ಳುತ್ತಿದೆ.

ಈ ವಿಚಾರಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡದ್ದಕ್ಕೆ ಕಾರಣವುಂಟು. ಪದವನ್ನು ತೂಗಿ ನೋಡುವ ಪರಂಪರೆ ಈ ಭಾಗಕ್ಕೆ ಹೊಸದಲ್ಲ. ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರೆಂದು ಪ್ರಸಿದ್ಧರಾದ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಲು ಬರುತ್ತದೆಂದು ತೋರಿಸಿಕೊಟ್ಟವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರ ಊರು ಇದೇ ಜಿಲ್ಲೆಯದು. ಇದಕ್ಕಿಂತ ಮುಖ್ಯವಾದ ಕಾರಣ ಬೇರೆಯಿದೆ: ಈ ಕಾಂತಗಳು ಈಗ ಇಲ್ಲಿನ ಮನೆ, ತೋಟ, ಕಾರ್ಖಾನೆಗಳನ್ನು ಪ್ರವೇಶಿಸಿವೆ; ‘ಖನಿಜ’ ಎಂಬ ಮಾತಾದರೋ ಇಲ್ಲಿನ ಜನಕ್ಕೆ ಬರಿಯ ಪಾಠದ ಪದವಲ್ಲ.

‘ಭಸ್ಮ’ವನ್ನು ಮೊದಲು ನೋಡೋಣ. ಸ್ವೀಡನ್ ದೇಶದ ಇಟ್ಟರ್ಬಿ ಎಂಬ ಹಳ್ಳಿಯ ಕಲ್ಲುಗಣಿಯಲ್ಲಿ 1787ರಲ್ಲಿ ಆರೇನಿಯಸ್ ಎಂಬ ಸೈನ್ಯಾಧಿಕಾರಿಗೆ ಭಾರವಾದ ಒಂದು ಕರಿಯ ಕಲ್ಲು ಸಿಕ್ಕಿತು. ಕಪ್ಪಿನಲ್ಲಿ ಅದು ನಮ್ಮ ತುರುವೇಕೆರೆಯ ಕರಿಕಲ್ಲನ್ನು ಹೋಲುತ್ತಿದ್ದಿರಬೇಕು. ಗುಣದಲ್ಲಿ ಎರಡಕ್ಕೂ ಸಂಬಂಧವಿಲ್ಲ. 1794ರಲ್ಲಿ ಯೋಹಾನ್ ಗ್ಯಾಡೊಲಿನ್ ಎಂಬ ರಸಾಯನಶಾಸ್ತ್ರಜ್ಞ ಆ ಕಲ್ಲಿನಿಂದ ಹೊಸದೊಂದು ‘ಅರ್ಥ್’ ಅನ್ನು ಬೇರ್ಪಡಿಸಿದ. ಆ ಕಾಲದ ರಸಾಯನಶಾಸ್ತ್ರದಲ್ಲಿ ಈ ಪದಕ್ಕೆ ಭೂಮಿಯೆಂದಾಗಲಿ ಹೊಲದ ಮಣ್ಣೆಂದಾಗಲಿ ಅರ್ಥವಿರಲಿಲ್ಲ. ಬೆಂಕಿಗೆ ಕರಗದ, ನೀರಿನಲ್ಲಿ ಲೀನವಾಗದ, ಪುಡಿಯಾಗಿ ಉಳಿಯುವ ಲೋಹದ ಆಕ್ಸೈಡನ್ನು ಹಾಗೆ ಕರೆಯುತ್ತಿದ್ದರು. ಸುಣ್ಣವೂ ಒಂದು ‘ಅರ್ಥ್’, ಮೆಗ್ನೀಷಿಯವೂ ಒಂದು ‘ಅರ್ಥ್’.

ಇಂಥ ವಸ್ತುವಿಗೆ ನಮ್ಮಲ್ಲಿ ಹೆಸರಿಲ್ಲದಿಲ್ಲ. ಲೋಹವನ್ನು ಪುಟವಿಟ್ಟು ಸುಟ್ಟು, ಬೆಂಕಿಗೆ ಮತ್ತೇನೂ ಆಗದ ಪುಡಿಯ ಸ್ಥಿತಿಗೆ ತಂದುದನ್ನು ಆಯುರ್ವೇದದವರು ಭಸ್ಮವೆಂದರು. ಲೋಹಭಸ್ಮ, ತಾಮ್ರಭಸ್ಮ, ವಂಗಭಸ್ಮಗಳು ಹಳ್ಳಿಯ ಪಂಡಿತರ ಪೆಟ್ಟಿಗೆಯಲ್ಲಿದ್ದುವು. ಆದುದರಿಂದ ‘ಅರ್ಥ್’ ಎಂಬುದಕ್ಕೆ ‘ಭಸ್ಮ’ವನ್ನು ಆರಿಸಿದವರು ಆಂಗ್ಲಪದದ ಮೇಲ್ಮೈಯನ್ನು ನೋಡದೆ ಅದರ ಹಿಂದಿನ ವಸ್ತುವನ್ನು ನೋಡಿದರು ಎನ್ನಬೇಕು. ‘ಅಪರೂಪದ ಭೂ ಖನಿಜ’ ಎಂದು ಬರೆಯುವವರು ನಿಘಂಟನ್ನು ಮಾತ್ರ ನೋಡಿದ್ದಾರೆ. ಅಲ್ಲದೆ ‘ಭೂ ಖನಿಜ’ ಪುನರುಕ್ತಿದೋಷಕ್ಕೂ ಒಳಗಾಗಿದೆ. ಭೂಮಿಯದಲ್ಲದ ಖನಿಜವನ್ನು ನಾವಾರೂ ಅಗೆಯುತ್ತಿಲ್ಲ. ಖನಿಜವೆಂಬುದು ನೆಲದಲ್ಲಿ ದೊರೆಯುವ ಮಿಶ್ರರೂಪ, ಧಾತುವೆಂಬುದು ಅದರೊಳಗಿನ ಮೂಲವಸ್ತು ಎಂಬ ವ್ಯತ್ಯಾಸವನ್ನೂ ಈ ಬಳಕೆ ಅಳಿಸುತ್ತದೆ.

ಇನ್ನು ‘ವಿರಳ’. ಆಂಗ್ಲದ ‘ರೇರ್’ ಎಂಬುದು ಹದಿನೆಂಟನೆಯ ಶತಮಾನದವರ ತಿಳಿವಳಿಕೆಯ ಮಿತಿಯನ್ನು ತೋರಿಸುವ ಪದ. ಅವರಿಗೆ ಅದು ಒಂದೆರಡು ಗಣಿಗಳಲ್ಲಿ ಮಾತ್ರ ಸಿಕ್ಕಿತ್ತು. ಭೂಮಿಯ ಹೊರಚಿಪ್ಪಿನಲ್ಲಿ ಸೀರಿಯಂ ಧಾತು ಹೆಚ್ಚುಕಡಮೆ ತಾಮ್ರದಷ್ಟೇ ಇದೆ. ನಿಯೋಡಿಮಿಯಂ ಸೀಸಕ್ಕಿಂತ ಹೆಚ್ಚಾಗಿದೆ. ಈ ಗುಂಪಿನಲ್ಲಿ ಅತಿ ಕಡಮೆ ಇರುವವುಗಳಲ್ಲಿ ಒಂದಾದ ಥೂಲಿಯಂ ಕೂಡ ಬೆಳ್ಳಿಗಿಂತ ಹಲವು ಪಟ್ಟು ಅಧಿಕವಾಗಿದೆ ಎಂದು ಈಗ ತಿಳಿದಿದೆ. ಹೀಗಿರುವಾಗ ‘ಅಪರೂಪ’ವೆಂಬುದು ನೇರವಾಗಿ ತಪ್ಪು. ‘ವಿರಳ’ದ ಮಾತು ಹಾಗಲ್ಲ. ವಿರಳವೆಂದರೆ ದಟ್ಟವಲ್ಲದ್ದು, ನಡುವೆ ತೆರಪುಳ್ಳದ್ದು. ಇದರ ವಿರುದ್ಧಪದ ‘ಅವಿರಳ’. ತೆಂಗಿನ ತೋಟದಲ್ಲಿ ಗಿಡದಿಂದ ಗಿಡಕ್ಕೆ ಅಂತರ ಬಿಟ್ಟು ವಿರಳವಾಗಿ ನೆಡುತ್ತಾರೆ. ಅಷ್ಟರಿಂದ ತಿಪಟೂರು ಸೀಮೆಯಲ್ಲಿ ತೆಂಗು ಅಪರೂಪವೆಂದು ಯಾರೂ ಹೇಳಲಾರರು. ಈ ಧಾತುಗಳ ಸ್ಥಿತಿ ಇದೇ. ಕಬ್ಬಿಣ, ಮ್ಯಾಂಗನೀಸುಗಳಂತೆ ಒಂದೆಡೆ ಗುಡ್ಡಕಟ್ಟಿ ನಿಲ್ಲುವುದು ಇವುಗಳಿಗೆ ಅಷ್ಟಾಗಿ ಒಗ್ಗದು. ಬಂಡೆಬಂಡೆಗಳಲ್ಲಿ ಚೂರುಚೂರಾಗಿ ಹರಡಿಕೊಂಡಿರುತ್ತವೆ. ಕನ್ನಡದ ಪದ ಆಂಗ್ಲಪದಕ್ಕಿಂತ ಹೆಚ್ಚು ನಿಜವನ್ನು ಹೇಳುತ್ತದೆ. ಪದವನ್ನು ಆರಿಸಿದವರಿಗೆ ಇಷ್ಟು ಭೂರಸಾಯನ ತಿಳಿದಿತ್ತೋ, ಇಲ್ಲವೆ ಅದು ಭಾಷೆ ತಾನಾಗಿ ಕೊಟ್ಟ ಫಲವೋ, ಅದರ ವಿಚಾರ ಈಗ ಬೇಡ.

ತೊಡಕಿರುವುದು ದೊರಕಿಸುವುದರಲ್ಲಿ ಅಲ್ಲ, ಬೇರ್ಪಡಿಸುವುದರಲ್ಲಿ. ಸ್ಕ್ಯಾಂಡಿಯಂ, ಇಟ್ರಿಯಂಗಳನ್ನು ಸೇರಿಸಿಕೊಂಡು ಈ ಕುಲದಲ್ಲಿ ಹದಿನೇಳು ಧಾತುಗಳಿವೆ. ಇವುಗಳಲ್ಲಿ ಲ್ಯಾಂಥನೈಡುಗಳೆನಿಸಿದ ಹದಿನೈದು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ಅವನ್ನು ಪ್ರತ್ಯೇಕಿಸುವ ಎಲೆಕ್ಟ್ರಾನುಗಳು ಪರಮಾಣುವಿನ ಒಳಕವಚದಲ್ಲಿ ಅಡಗಿ ಕುಳಿತು, ರಾಸಾಯನಿಕ ವ್ಯವಹಾರಕ್ಕೆ ಹೊರಗೆ ಬರುವುದೇ ಕಡಮೆ. ಹೊರಗೆ ಕಾಣುವ ಭೇದ ಅಯಾನಿನ ಗಾತ್ರದಲ್ಲಿ ಮಾತ್ರ. ಅದೂ ಒಂದರಿಂದ ಮುಂದಿನದಕ್ಕೆ ತೀರ ಅಲ್ಪ. ಉಂಡೆ ಕೊಬ್ಬರಿಯ ರಾಶಿಯನ್ನು ಕಣ್ಣಳತೆಯಲ್ಲಿ ಮೂರು ನಾಲ್ಕು ದರ್ಜೆಗೆ ಆಯುವುದು ಸುಲಭ. ಕೂದಲೆಳೆಯ ವ್ಯತ್ಯಾಸವಿರುವ ಹದಿನೈದು ದರ್ಜೆಗೆ ಆಯಬೇಕೆಂದರೆ ಅದೇ ರಾಶಿಯನ್ನು ನೂರಾರು ಸಲ ಮಗುಚಬೇಕಾದೀತು. ಕಾರ್ಖಾನೆಯಲ್ಲಿ ನಡೆಯುವುದು ಹೀಗೆಯೇ. ಆಮ್ಲದ್ರಾವಣಕ್ಕೂ ಎಣ್ಣೆಯಂಥ ಒಂದು ದ್ರವಕ್ಕೂ ನಡುವೆ ನೂರಾರು ಹಂತಗಳಲ್ಲಿ ಧಾತುಗಳನ್ನು ಹಾಯಿಸಿ, ಪ್ರತಿ ಹಂತದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೇರೆ ಮಾಡುತ್ತಾರೆ. ಇದರ ತರುವಾಯ ಆಮ್ಲ, ಕ್ಷಾರ, ಕೆಸರುಗಳು ಉಳಿಯುತ್ತವೆ. ಮೂಲಖನಿಜ ಮೊನಜೈಟ್ ಆಗಿದ್ದರೆ ವಿಕಿರಣವುಳ್ಳ ಥೋರಿಯಂ ಕೂಡ ಉಳಿಯುತ್ತದೆ. ಭಾರತದ ಮೊನಜೈಟಿನಲ್ಲಿ ನೂರಕ್ಕೆ ಸುಮಾರು 9 ಪಾಲು ಥೋರಿಯಂ ಆಕ್ಸೈಡ್ ಇರುತ್ತದೆ.

ಈ ಮೊನಜೈಟ್ ಲೋಕದ ಕಣ್ಣಿಗೆ ಬಿದ್ದ ಬಗೆಯನ್ನು ತೆಂಗಿನ ಸೀಮೆಯ ವಿದ್ಯಾರ್ಥಿಗಳು ತಿಳಿದಿರತಕ್ಕದ್ದು. 1909ರ ಸುಮಾರಿನಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ, ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಹೊಳೆಯುವ ಕಣಗಳನ್ನು ಗುರುತಿಸಿದನಂತೆ. ಹಗ್ಗಕ್ಕೆಂದು ಹೋದ ನಾರು ಗಣಿಗಾರಿಕೆಗೆ ದಾರಿ ತೋರಿಸಿತು. ಆಗ ಬೇಕಾಗಿದ್ದುದು ಥೋರಿಯಂ, ಗ್ಯಾಸ್ ದೀಪದ ಬತ್ತಿಯ ಚೀಲಕ್ಕಾಗಿ. ಆ ಚೀಲವನ್ನು ಬಳಕೆಗೆ ತಂದ ಔಯರ್ ಎಂಬವನೇ 1885ರಲ್ಲಿ ನಿಯೋಡಿಮಿಯಮನ್ನು ಬೇರ್ಪಡಿಸಿದವನು. ಮದುವೆ ಮೆರವಣಿಗೆಗಳಲ್ಲಿ ತಲೆಯ ಮೇಲೆ ಹೊತ್ತು ನಡೆದ ಪೆಟ್ರೋಮ್ಯಾಕ್ಸ್ ದೀಪದ ಚೀಲದಲ್ಲಿ ಥೋರಿಯಂ ಭಸ್ಮದೊಡನೆ ನೂರಕ್ಕೆ ಒಂದು ಪಾಲಿನಷ್ಟು ಸೀರಿಯಂ ಭಸ್ಮವೂ ಇರುತ್ತಿತ್ತು. ವಿರಳ ಭಸ್ಮವು ಹಳ್ಳಿಗೆ ಬಂದದ್ದು ಮೊನ್ನೆಯ ವಿದ್ಯುತ್ ಸ್ಕೂಟರಿನೊಡನೆ ಅಲ್ಲ ಎಂಬುದಕ್ಕೆ ಇಷ್ಟು ಹೇಳಿದೆವು. ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪಿತವಾದದ್ದು 1950ರಲ್ಲಿ. ಕೇರಳದ ಆಲುವದ ಕಾರ್ಖಾನೆ 1952ರಲ್ಲಿ ಆರಂಭವಾಯಿತು. ಕಚ್ಚಾವಸ್ತುವೂ ಬೇರ್ಪಡಿಸುವ ವಿದ್ಯೆಯೂ ಅಷ್ಟು ಹಿಂದೆಯೇ ನಮ್ಮಲ್ಲಿದ್ದು, ಕಾಂತ ಮಾತ್ರ ಹೊರಗಿನಿಂದ ಬರಬೇಕಾದದ್ದು ‘ಅಪರೂಪ’ದ ದೆಸೆಯಿಂದಲ್ಲ, ಭಸ್ಮದಿಂದ ಲೋಹಕ್ಕೆ, ಲೋಹದಿಂದ ಮಿಶ್ರಲೋಹಕ್ಕೆ, ಮಿಶ್ರಲೋಹದಿಂದ ಕಾಂತಕ್ಕೆ ಹೋಗುವ ನಡುವಿನ ಮೆಟ್ಟಿಲುಗಳನ್ನು ನಾವು ದೊಡ್ಡ ಪ್ರಮಾಣದಲ್ಲಿ ಕಟ್ಟಿಕೊಳ್ಳದ ದೆಸೆಯಿಂದ. ‘ಅಪರೂಪ’ ಎಂಬ ಪದ ಈ ಲೋಪವನ್ನು ಪ್ರಕೃತಿಯ ಮೇಲೆ ಹೊರಿಸಿಬಿಡುತ್ತದೆ.

ಕಾಂತದ ಒಳಗೆ ವಿರಳ ಭಸ್ಮದ ಧಾತು ಮಾಡುವ ಕೆಲಸವೇನು? ಇದನ್ನು ತಿಳಿಯದೆ ಮೂರನೆಯ ಪದದ ವಿಮರ್ಶೆ ಸಾಧ್ಯವಿಲ್ಲ. 1960ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಕಾರ್ಲ್ ಸ್ಟ್ರ್ನಾಟ್ ಮತ್ತು ಸಹಕಾರಿಗಳು ಇಟ್ರಿಯಂ ಹಾಗೂ ಸಮೇರಿಯಂಗಳನ್ನು ಕೋಬಾಲ್ಟಿನೊಡನೆ ಕೂಡಿಸಿ ಹೊಸ ಕಾಂತಗಳಿಗೆ ದಾರಿ ಮಾಡಿದರು. 1978ರಲ್ಲಿ ಜಯಿರ್ ದೇಶದ ಕಾಳಗದಿಂದ ಕೋಬಾಲ್ಟಿನ ಬೆಲೆ ಏರಿದಾಗ, ಕೋಬಾಲ್ಟಿನ ಬದಲಿಗೆ ಕಬ್ಬಿಣವನ್ನು ಬಳಸುವ ಹಾದಿಯನ್ನು ಹುಡುಕಲಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಮಸಾತೊ ಸಗಾವ, ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆ ದಾರಿಗಳಲ್ಲಿ ನಿಯೋಡಿಮಿಯಂ, ಕಬ್ಬಿಣ, ಬೋರಾನುಗಳ ಕಾಂತವನ್ನು ಮುಟ್ಟಿದರು. ಎರಡು ನಿಯೋಡಿಮಿಯಂ ಪರಮಾಣುಗಳಿಗೆ ಹದಿನಾಲ್ಕು ಕಬ್ಬಿಣದ ಪರಮಾಣುಗಳೂ ಒಂದು ಬೋರಾನೂ ಸೇರಿದ ಸ್ಫಟಿಕವಿದು. ತೂಕದಲ್ಲಿ ನೂರಕ್ಕೆ 72 ಪಾಲು ಕಬ್ಬಿಣ!

ಕಬ್ಬಿಣಕ್ಕೆ ಪ್ರಿಯವಾದುದು ಎಂಬ ಅರ್ಥದಲ್ಲಿ ಸಂಸ್ಕೃತದವರು ‘ಅಯಸ್ಕಾಂತ’ವೆಂದರು, ಕಾಳಿದಾಸನು ಕುಮಾರಸಂಭವದಲ್ಲಿ ಈ ಪದವನ್ನು ಉಪಮೆಗೆ ಬಳಸಿಕೊಂಡಿದ್ದಾನೆ. ನಮ್ಮ ಜನರು ‘ಸೂಜಿಗಲ್ಲು’ ಎಂದರು. ಅಯಸ್ಸನ್ನು ಸೆಳೆಯುವ ಇಂದಿನ ಅತ್ಯಂತ ಪ್ರಬಲವಾದ ಕಾಂತ ಬಹುಮಟ್ಟಿಗೆ ಅಯಸ್ಸೇ ಆಗಿದೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರಾಗಿ ಬಿದ್ದಿರುವ ಧಾತುವೇ ಅದು. ಸೆಳೆತದ ಬಹುಪಾಲನ್ನು ಒದಗಿಸುವುದು ಕಬ್ಬಿಣ. ನಿಯೋಡಿಮಿಯಂ ಒದಗಿಸುವುದು ದಿಕ್ಕಿನ ನಿಷ್ಠೆಯನ್ನು. ಅದರ ಒಳಕವಚದ ಎಲೆಕ್ಟ್ರಾನುಗಳ ಮೋಡ ಗೋಲಾಕಾರವಾಗಿಲ್ಲದ ಕಾರಣ, ಸ್ಫಟಿಕದ ಒಂದೇ ಅಕ್ಷಕ್ಕೆ ಕಾಂತತ್ವವನ್ನು ಕಟ್ಟಿಹಾಕುತ್ತದೆ. ಬರಿಯ ಕಬ್ಬಿಣದಲ್ಲಿ ಕಾಂತತ್ವ ಸುಲಭವಾಗಿ ಬರುತ್ತದೆ, ಅಷ್ಟೇ ಸುಲಭವಾಗಿ ಹೋಗುತ್ತದೆ. ಇಲ್ಲಿ ಅದನ್ನು ತಿರುಗಿಸಬೇಕಾದರೆ ವಿರುದ್ಧ ದಿಕ್ಕಿನಿಂದ ಬಹು ದೊಡ್ಡ ಕ್ಷೇತ್ರವನ್ನು ಒಡ್ಡಬೇಕು. ಹೀಗೆ ತಡೆದುಕೊಳ್ಳುವ ಗುಣವನ್ನು ಆಂಗ್ಲದಲ್ಲಿ ಕೊಯರ್ಸಿವಿಟಿ ಎನ್ನುತ್ತಾರೆ. ಸೆಳೆತವೂ ತಡೆತವೂ ಕೂಡಿದುದರಿಂದ, ಸಾಮಾನ್ಯ ಫೆರೈಟ್ ಕಾಂತದಲ್ಲಿ ಘನಮೀಟರಿಗೆ 30 ರಿಂದ 40 ಕಿಲೋಜೂಲುಗಳಷ್ಟಿರುವ ಗರಿಷ್ಠ ಶಕ್ತಿಗುಣಲಬ್ಧ ಈ ಕಾಂತದಲ್ಲಿ 400ನ್ನು ಮುಟ್ಟುತ್ತದೆ.

ಈಗ ‘ಶಾಶ್ವತ’ಕ್ಕೆ ಬರೋಣ. ನಿಯೋಡಿಮಿಯಂ ಕಾಂತವನ್ನು ಸುಮಾರು 312 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕಾಂತತ್ವವೇ ಇಲ್ಲವಾಗುತ್ತದೆ. ಅಷ್ಟು ಬಿಸಿ ಬೇಕಿಲ್ಲ. ಅಗ್ಗದ ದರ್ಜೆಯ ಕಾಂತ 80 ಡಿಗ್ರಿಯನ್ನು ದಾಟಿದರೆ ತಡೆಯುವ ಗುಣ ಕುಂದಿ, ಬಲದ ಒಂದು ಪಾಲನ್ನು ಕಳೆದುಕೊಳ್ಳತೊಡಗುತ್ತದೆ. ಆರಿದ ಮೇಲೂ ಆ ಪಾಲು ಹಿಂದಿರುಗುವುದಿಲ್ಲ. ತೇವಕ್ಕೆ ಅಂಜುವ ಕಾಂತವೂ ಇದೇ: ಮೇಲಿನ ನಿಕ್ಕಲ್ ಲೇಪ ಸವೆದರೆ ತುಕ್ಕು ಹಿಡಿದು ಪುಡಿಯಾಗುತ್ತದೆ.

ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ತಿಪಟೂರಿನ ಸುತ್ತಣ ಕೊಬ್ಬರಿ ಪುಡಿ ಕಾರ್ಖಾನೆಗಳಂಥ ಆಹಾರದ ಕಾರ್ಖಾನೆಗಳಲ್ಲಿ, ತುರಿಯೊಳಗೆ ಸೇರಿರಬಹುದಾದ ಕಬ್ಬಿಣದ ಚೂರುಗಳನ್ನು ಹಿಡಿಯಲು ಕಾಂತದ ಸರಳುಗಳನ್ನು ಇಡುವುದು ವಾಡಿಕೆ. ತುರಿಯನ್ನು ಒಣಗಿಸುವ ಬಿಸಿಗಾಳಿಯ ಉಷ್ಣತೆ ಮೇಲೆ ಹೇಳಿದ 80 ಡಿಗ್ರಿಯ ಆಸುಪಾಸಿನಲ್ಲಿ ಇರುವುದುಂಟು. ಸರಳುಗಳನ್ನು ನೀರಿನಿಂದ ತೊಳೆಯುವುದೂ ಉಂಟು. ‘ಶಾಶ್ವತ ಕಾಂತ’ವೆಂದು ನಂಬಿ, ಇಟ್ಟ ಮೇಲೆ ಅದರ ಬಲವನ್ನು ಅಳೆದು ನೋಡದವನಿಗೆ ಅದು ಯಾವಾಗ ದುರ್ಬಲವಾಯಿತೆಂಬುದೇ ತಿಳಿಯದು. ಕಣ್ಣಿಗೆ ಸರಳು ಹೊಸದರಂತೆಯೇ ಹೊಳೆಯುತ್ತಿರುತ್ತದೆ, ಚೂರು ಮಾತ್ರ ಕೊಬ್ಬರಿಯೊಡನೆ ಮುಂದೆ ಹೋಗಿರುತ್ತದೆ. ಇಲ್ಲಿ ಪದದ ದೋಷ ಉಣ್ಣುವವನ ಹಲ್ಲಿಗೆ ತಗಲುತ್ತದೆ.

ಮೋಟಾರುಗಳ ವಿಷಯದಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ತೋಟದ ಕೊಳವೆಬಾವಿಯೊಳಗೆ ಇಳಿಬಿಟ್ಟ ಸಾಮಾನ್ಯ ಸಬ್‌ಮರ್ಸಿಬಲ್ ಪಂಪಿನ ಇಂಡಕ್ಷನ್ ಮೋಟಾರಿನಲ್ಲಿ ಶಾಶ್ವತ ಕಾಂತವೆಂಬುದೇ ಇಲ್ಲ. ಸುರುಳಿಯ ವಿದ್ಯುತ್ತೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಸೌರಫಲಕಕ್ಕೆ ಜೋಡಿಸುವ ಕೆಲವು ಪಂಪುಗಳಲ್ಲಿ, ವಿದ್ಯುತ್ ಸ್ಕೂಟರುಗಳಲ್ಲಿ ಅದು ಇರುತ್ತದೆ. 75 ವ್ಯಾಟಿನ ಹಳೆಯ ಫ್ಯಾನಿನ ಜಾಗದಲ್ಲಿ 30 ವ್ಯಾಟಿಗೇ ತಿರುಗುವ ಹೊಸ ಫ್ಯಾನುಗಳಲ್ಲಿಯೂ ಕಾಂತವುಂಟು, ಆದರೆ ಅವುಗಳಲ್ಲಿ ಹಲವಕ್ಕೆ ಅಗ್ಗದ ಫೆರೈಟ್ ಸಾಕಾಗಿದೆ. ಎಲ್ಲವನ್ನೂ ಒಂದೇ ಹೆಸರಿನಡಿ ಕೂಡಿಹಾಕಿದರೆ, ಯಾವುದಕ್ಕೆ ಕೊರತೆ ತಟ್ಟುತ್ತದೆ, ಯಾವುದಕ್ಕೆ ತಟ್ಟುವುದಿಲ್ಲ ಎಂದು ಕೊಳ್ಳುವವನು ತೂಗಲಾರ.

ಹೆಚ್ಚು ಸೂಕ್ಷ್ಮವಾದ ಮಾತೊಂದಿದೆ. ವಾಹನದ ಮೋಟಾರು 150 ಡಿಗ್ರಿಯನ್ನು ಮುಟ್ಟಿದರೂ ಕಾಂತ ತಡೆದುಕೊಳ್ಳಬೇಕಾದರೆ ಅದಕ್ಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಬೆರಸಬೇಕು. ಸೇರಿದ ಡಿಸ್ಪ್ರೋಸಿಯಂ ತಡೆತವನ್ನು ಹೆಚ್ಚಿಸುತ್ತದೆ, ಸೆಳೆತವನ್ನು ಮಾತ್ರ ಒಂದಿಷ್ಟು ಕುಗ್ಗಿಸುತ್ತದೆ. ಏಕೆಂದರೆ ಅದರ ಕಾಂತತ್ವ ಕಬ್ಬಿಣದ್ದಕ್ಕೆ ಎದುರು ದಿಕ್ಕಿನಲ್ಲಿ ನಿಲ್ಲುತ್ತದೆ. ಎಂದರೆ ಸ್ಥಿರತೆ ಈ ಕಾಂತಕ್ಕೆ ಸಹಜಗುಣವಲ್ಲ, ಬೆಲೆ ತೆತ್ತು ಕೊಂಡ ಗುಣ. 2025ರ ಏಪ್ರಿಲಿನ ಪಟ್ಟಿಯಲ್ಲಿ ನಿಯೋಡಿಮಿಯಮಿನ ಹೆಸರಿರಲಿಲ್ಲ. ಡಿಸ್ಪ್ರೋಸಿಯಂ, ಟರ್ಬಿಯಂಗಳ ಹೆಸರಿತ್ತು. ತಡೆಹಿಡಿದದ್ದು ಕಾಂತತ್ವವನ್ನಲ್ಲ, ಬಿಸಿಯಲ್ಲಿ ಅದನ್ನು ಉಳಿಸುವ ವಸ್ತುವನ್ನು. ‘ಶಾಶ್ವತ’ವೆಂಬ ಪದವನ್ನು ನಂಬಿದ ಓದುಗನಿಗೆ ಈ ಸುದ್ದಿಯ ತಿರುಳೇ ತಪ್ಪಿಹೋಗುತ್ತದೆ. ನಮ್ಮ ಕರಾವಳಿಯ ಮೊನಜೈಟಿನಲ್ಲಿ ನಿಯೋಡಿಮಿಯಂ ಸಾಕಷ್ಟಿದ್ದು ಡಿಸ್ಪ್ರೋಸಿಯಂ ತೀರ ಕಡಮೆ ಎಂಬ ಸಂಗತಿ ಏಕೆ ಮುಖ್ಯವೆಂಬುದೂ ಅವನಿಗೆ ಹೊಳೆಯದು.

ವಿಶಾಖಪಟ್ಟಣದಲ್ಲಿ ವರ್ಷಕ್ಕೆ 3,000 ಕಿಲೋಗ್ರಾಂ ಸಮೇರಿಯಂ-ಕೋಬಾಲ್ಟ್ ಕಾಂತ ತಯಾರಿಸಬಲ್ಲ ಸರಕಾರಿ ಘಟಕವನ್ನು 2023ರಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. 2025ರ ನವೆಂಬರ್ 26ರಂದು ಕೇಂದ್ರ ಸಚಿವ ಸಂಪುಟ 7,280 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. ವರ್ಷಕ್ಕೆ 6,000 ಟನ್ನು ಕಾಂತ ತಯಾರಿಸುವ ಸಾಮರ್ಥ್ಯ ಅದರ ಗುರಿ. ಇಂಥ ಯೋಜನೆಗಳು ಬಂದಾಗ ‘ಅಪರೂಪದ ಖನಿಜ’ಕ್ಕಾಗಿ ಎಲ್ಲೆಲ್ಲಿ ಅಗೆಯಬೇಕೆಂಬ ಮಾತು ಏಳುವುದು ಸಹಜ. ಚಿಕ್ಕನಾಯಕನಹಳ್ಳಿ ತಾಲ್ಲೂಕು ಕಬ್ಬಿಣ ಮತ್ತು ಮ್ಯಾಂಗನೀಸಿನ ಗಣಿಗಳನ್ನು ಕಂಡಿದೆ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆದುದನ್ನೂ ಕಂಡಿದೆ. ಗುಡ್ಡದ ಕೆಳಗೆ ತೆಂಗಿನ ತೋಟವಿರುವವನ ಮುಂದೆ ‘ಅಪರೂಪ’ವೆಂದರೆ ಅವನು ಒಂದೋ ಆಸೆಪಡುತ್ತಾನೆ, ಇಲ್ಲವೇ ಅಂಜುತ್ತಾನೆ. ‘ವಿರಳ’ವೆಂದರೆ, ಒಂದು ಹಿಡಿ ಧಾತುವಿಗೆ ಎಷ್ಟು ಕಲ್ಲನ್ನು ಒಡೆಯಬೇಕು, ಮಿಕ್ಕದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳುತ್ತಾನೆ. ಎರಡನೆಯ ಪ್ರಶ್ನೆ ಹುಟ್ಟುವುದಕ್ಕೆ ಪದ ಅವಕಾಶ ಕೊಡಬೇಕು.

ಇಷ್ಟರ ಮೇಲೆ, ಆಂಗ್ಲದ ‘ಮ್ಯಾಗ್ನೆಟ್’ ಒಂದೇ ಸಾಲದೇ ಎಂದು ಕೇಳುವವರುಂಟು. ಮೋಟಾರು ಸುತ್ತುವವನ ಅಂಗಡಿಯಲ್ಲಿ ಅದು ಸಾಕು. ‘ಮ್ಯಾಗ್ನೆಟ್ ವೀಕ್ ಆಗಿದೆ’ ಎನ್ನುವವನು ಶಾಶ್ವತತ್ವದ ಭ್ರಮೆಯಿಂದ ಪಾರಾಗಿದ್ದಾನೆ, ಆ ಮಟ್ಟಿಗೆ ಅವನ ಭಾಷೆ ಪಠ್ಯಪುಸ್ತಕದ್ದಕ್ಕಿಂತ ಶುದ್ಧವಾದುದು. ತರಗತಿಯಲ್ಲಿ ಏಕೆ ವೀಕ್ ಆಯಿತೆಂದು ಹೇಳಬೇಕಾಗುತ್ತದೆ, ಅಲ್ಲಿ ಪದ ಬೇಕು. ‘ಶಾಶ್ವತ’ದ ಬದಲಿಗೆ ‘ಸ್ಥಿರಕಾಂತ’ವನ್ನು ನಾವು ಸೂಚಿಸುತ್ತೇವೆ. ಸ್ಥಿರಾಸ್ತಿ ಎಂದಾಗ ಆಸ್ತಿ ಎಂದೆಂದಿಗೂ ಕೈಬಿಡದೆಂದು ಯಾವ ರೈತನೂ ತಿಳಿಯುವುದಿಲ್ಲ; ತಾನಾಗಿ ಕದಲದೆಂದು ಮಾತ್ರ ತಿಳಿಯುತ್ತಾನೆ. ಕೊಯರ್ಸಿವಿಟಿಗೆ ‘ಪಟ್ಟು’ ಎಂಬ ದೇಶ್ಯಪದ ನಮಗೆ ಒಪ್ಪಿಗೆಯಾಗಿದೆ. ಪಟ್ಟು ಹಿಡಿಯುವುದು, ಪಟ್ಟು ಸಡಿಲಿಸುವುದು, ಪಟ್ಟು ಬಿಡಿಸುವುದು ಎಂಬ ಕ್ರಿಯೆಗಳು ಮಾತಿನಲ್ಲಿ ಸಿದ್ಧವಾಗಿಯೇ ಇವೆ. ಬಿಸಿಯಲ್ಲಿ ಪಟ್ಟು ಸಡಿಲಗೊಳ್ಳುತ್ತದೆ, ಡಿಸ್ಪ್ರೋಸಿಯಂ ಪಟ್ಟನ್ನು ಬಿಗಿಗೊಳಿಸುತ್ತದೆ ಎಂದು ವಿದ್ಯಾರ್ಥಿ ತಡವರಿಸದೆ ಹೇಳಬಲ್ಲ. ‘ಕಾಂತಪಟ್ಟು’ ಎಂದು ಸೇರಿಸಿದರೆ ಸಂಸ್ಕೃತಕ್ಕೆ ಕನ್ನಡ ಕೂಡಿ ಅರಿಸಮಾಸವಾಯಿತೆಂದು ಆಕ್ಷೇಪ ಬರುವುದು ಖಂಡಿತ. ಪೂರ್ವಪ್ರಯೋಗಗಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಹೊಸ ಪ್ರಯೋಗಕ್ಕೆ ಆ ವಿನಾಯಿತಿ ಸಲ್ಲದೆನ್ನುವವರು ‘ಕಾಂತದ ಪಟ್ಟು’ ಎಂದು ಬಿಡಿಸಿ ಬರೆಯಬಹುದು.